ದೊಡ್ಡ ಲೋಡಿನ ಲಾರಿಗೂ ಪೈಲಟ್ ಜೀಪಿಗೂ ಎಷ್ಟು ದೂರ ಇರಬೇಕು?

ಪೈಲಟ್ ಜೀಪು ಅಂದರೆ ಲಾರಿಯ ಮುಂದೆ ಹೋಗಿ ಎದುರಿನವರನ್ನು ಎಚ್ಚರಿಸುವ ಜೀಪು. ಇಷ್ಟೇ ಮೀಟರ್ ಅಂತ ಒಂದೇ ಲೆಕ್ಕ ಇಲ್ಲ. ಎದುರಿಂದ ಬರುವವರಿಗೆ ಗಾಡಿ ನಿಲ್ಲಿಸಲು ಸಮಯ ಸಿಗಬೇಕು, ಅಷ್ಟು ದೂರ. ಅದಕ್ಕೇ ಶಿರಾಡಿ ಘಾಟಿಯಲ್ಲಿ ಜೀಪು ಎಲ್ಲೋ ಮುಂದಿರುತ್ತದೆ, ಹಾಸನ ಪೇಟೆಯಲ್ಲಿ ಲಾರಿಗೆ ಅಂಟಿಕೊಂಡಿರುತ್ತದೆ.

ಲಾರಿ ಗಂಟೆಗೆ 20 ಕಿ.ಮೀ., ಎದುರಿನ ಬಸ್ಸು 60 ಅಂದುಕೊಳ್ಳಿ. ಎರಡೂ ಗಾಡಿಗಳು ಸೆಕೆಂಡಿಗೆ ಸುಮಾರು 22 ಮೀಟರ್ ಹತ್ತಿರವಾಗುತ್ತವೆ. ಜೀಪು ಬರೀ 50 ಮೀಟರ್ ಮುಂದಿದ್ದರೆ ಸಿಗುವುದು ಎರಡು ಸೆಕೆಂಡು ಚಿಲ್ಲರೆ. ಬಸ್ಸಿನ ಡ್ರೈವರ್ ಜೀಪಿನ ಕೆಂಪು ಬಾವುಟ ನೋಡಿ ಬ್ರೇಕಿಗೆ ಕಾಲಿಡುವಷ್ಟರಲ್ಲೇ ಅದು ಮುಗಿಯಿತು, ಅಲ್ವಾ?

ಶಿರಾಡಿ ಘಾಟಿ ಶುರುವಾಗುವ ದೋಣಿಗಲ್ ದಾಟಿದ ಮೇಲಿನ ತಿರುವುಗಳಲ್ಲಿ ಮೀಟರ್ ಲೆಕ್ಕವೂ ಸಾಲದು. ಉದ್ದದ ಟ್ರೈಲರ್ ತಿರುಗುವಾಗ ಹಿಂದಿನ ಚಕ್ರಗಳು ಒಳಮಗ್ಗುಲಿಗೆ ಎಳೆಯುತ್ತವೆ. ಹಾಗಾಗಿ ಅದಕ್ಕೆ ಇಡೀ ರಸ್ತೆಯೇ ಬೇಕು. ಜೀಪು ತಿರುವಿನ ಆಚೆ ನಿಂತು, ಎದುರಿನವರನ್ನು ತಡೆದು, ವಾಕಿಟಾಕಿಯಲ್ಲಿ 'ಬಾ' ಅಂದ ಮೇಲೇ ಲಾರಿ ಅಲುಗಬೇಕು.

ಪೇಟೆಯಲ್ಲಿ ಉಲ್ಟಾ. ವೇಗ ಕಮ್ಮಿ, ನಡುವೆ ಜಾಗ ಬಿಟ್ಟರೆ ಆಟೋ, ಬೈಕು ನುಗ್ಗುತ್ತವೆ. ನಮ್ಮವರು ಬಿಡ್ತಾರಾ?