14 ವರ್ಷ ದುಡಿದ ಕಂಪನಿಯ ವಾತಾವರಣ ಪೂರ್ತಿ ಕೆಟ್ಟಿದೆ. ಬಿಡಲೋ, ಸರಿಯಾಗುತ್ತದೆ ಅಂತ ಕಾಯಲೋ?

‘ಮನೆಯ ಹಾಗೆ ಇದ್ದ ಕಂಪನಿ’ ಅಂತ ಬರೆದಿದ್ದೀರಿ. ಅದನ್ನು ಓದಿ ನನಗೆ ನಗು ಬಂತು, ಕ್ಷಮಿಸಿ. ನಾನೂ ಊರೆಲ್ಲ ಹಾಗೇ ಹೇಳಿಕೊಂಡು ತಿರುಗಿದವ.

ನಾನು ಕೇರಳದ ಕಾಸರಗೋಡಿನ ಬದಿಯಡ್ಕ ಕಡೆಯ ಒಂದು ಅಡಿಕೆ ಅಂಗಡಿಯಲ್ಲಿದ್ದೆ. 2003ರ ಜೂನ್‌ನಲ್ಲಿ ಗೋಣಿ ಹೊಲಿಯುವ ಕೆಲಸಕ್ಕೆ ಸೇರಿದೆ. ಕೊನೆಗೆ ಗಾರ್ಬಲ್ ನೋಡಿಕೊಳ್ಳುವವನಾದೆ. ಅಂದರೆ ಕೃಷಿಕರು ತಂದ ಅಡಿಕೆಯನ್ನು ಹಳತು, ಹೊಸತು, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಬೇರೆ ಮಾಡಿಸುವುದು. ಈ ಕೊನೆಯ ಮೂರೂ ಕಡಿಮೆ ರೇಟು ಸಿಗುವ ಅಡಿಕೆ. ದೊಡ್ಡ ಧಣಿಗಳು ಇರುವಾಗ ಅದಕ್ಕೊಂದು ಕ್ರಮ ಇತ್ತು. ಸಂಶಯ ಬಂದ ಅಡಿಕೆಯನ್ನು ತಂದವನ ಎದುರೇ ಕತ್ತರಿಸಿ ತೋರಿಸಬೇಕು. ಅವನು ಒಪ್ಪಿದ ಮೇಲೆಯೇ ಪಟೋರದ ರಾಶಿಗೆ.

ಧಣಿಗಳ ಮಗ ಬಂದರು. ಮೊದಲು ಕ್ಯಾಮರಾ ಹಾಕಿಸಿದರು. ಅದರಿಂದ ನನಗೇನೂ ತೊಂದರೆ ಆಗಲಿಲ್ಲ. ಆಮೇಲೆ ಕತ್ತರಿಸಿ ತೋರಿಸುವುದು ನಿಂತಿತು. ಆಮೇಲೆ, ಇಷ್ಟು ಚೀಲಕ್ಕೆ ಇಷ್ಟು ಪಟೋರ ಬೀಳಲೇಬೇಕು ಅಂತ ಬೆಳಿಗ್ಗೆಯೇ ಲೆಕ್ಕ ಕೊಡಲು ಶುರು ಮಾಡಿದರು. ಅಡಿಕೆಯ ಮುಖ ನೋಡುವ ಮೊದಲೇ! ನಾನು ಬಾಯಿ ತೆಗೆದರೆ, “ನಿಮಗೆ ಸಂಬಳ ಕೊಡುವುದು ಯಾರು?” ಹಳಬರು ಒಬ್ಬೊಬ್ಬರೇ ಬಿಟ್ಟು ಹೋದರು. ನಾನು ಮಾತ್ರ ಮೂರು ವರ್ಷ ಕಾದೆ, ದೊಡ್ಡ ಧಣಿಗಳು ಒಂದು ಮಾತು ಹೇಳಿಯಾರು ಅಂತ. ಅವರು ಹೇಳಲಿಲ್ಲ. ಮಗ ಅಲ್ವಾ.

2020ರ ಫೆಬ್ರವರಿಯಲ್ಲಿ ಒಂದು ದಿನ ನನ್ನ ಹೆಂಡತಿಯ ಸೋದರಮಾವ ಅಡಿಕೆ ತಂದಿದ್ದರು. ಒಳ್ಳೆ ಅಡಿಕೆ. ಅದರಲ್ಲೂ ಲೆಕ್ಕದ ಪಟೋರ ತೆಗೆಯಬೇಕಾಯಿತು. ಅವರು ಏನೂ ಹೇಳಲಿಲ್ಲ, ನನ್ನ ಮುಖ ನೋಡಿದರು, ಅಷ್ಟೇ. ಸಂಜೆ ಆಫೀಸಿಗೆ ಹೋಗಿ “ನಾಳೆಯಿಂದ ನಾನಿಲ್ಲ” ಅಂದೆ.

ಇಲ್ಲಿವರೆಗೆ ನಾನು ತಪ್ಪು ಮಾಡಲಿಲ್ಲ ಅಂತಲೇ ನನ್ನ ಲೆಕ್ಕ. ತಪ್ಪು ಆದದ್ದು ಮುಂದಿನ ಹತ್ತು ನಿಮಿಷದಲ್ಲಿ. ಅದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಸಹಿಸಿಕೊಳ್ಳಿ.

ಅಕೌಂಟೆಂಟ್ ಆ ತಿಂಗಳ ಸಂಬಳ, ಅದರ ಮೇಲೆ 25 ಸಾವಿರ ಎಣಿಸಿ ಇಟ್ಟರು. “ಧಣಿಗಳ ಖುಷಿಗೆ” ಅಂದರು. ಜೊತೆಗೆ ಒಂದು ಕಾಗದ, ಮಲಯಾಳದಲ್ಲಿ. ನಾನು ಕನ್ನಡ ಶಾಲೆಯಲ್ಲಿ ಕಲಿತವ. ಮಲಯಾಳ ಚೆನ್ನಾಗಿ ಮಾತಾಡುತ್ತೇನೆ, ಆದರೆ ಓದುವುದು ಬಸ್ಸಿನ ಬೋರ್ಡಿನಷ್ಟೇ. “ಇದೆಂತ?” ಅಂತ ಕೇಳಬಹುದಿತ್ತು. ಮನೆಗೆ ಒಯ್ದು ಮಗಳ ಹತ್ತಿರ ಓದಿಸಬಹುದಿತ್ತು. ಫೋನಿನಲ್ಲಿ ಒಂದು ಫೋಟೋ ಆದರೂ ತೆಗೆಯಬಹುದಿತ್ತು. ಸಿಟ್ಟಿನಲ್ಲಿದ್ದೆ. ಅವರ ಎದುರು ಅಕ್ಷರ ಕೂಡಿಸಿ ಓದಲು ನಾಚಿಕೆಯೂ ಆಯಿತು. ಅದೇ ನಿಜವಾದ ಕಾರಣ. ಸೈನ್ ಹಾಕಿ ಬಂದೆ.

ಅದರಲ್ಲಿ ಇದ್ದದ್ದು, ಗ್ರಾಚ್ಯುಟಿ (ದುಡಿದ ವರ್ಷಗಳ ಲೆಕ್ಕದಲ್ಲಿ ಕೆಲಸ ಬಿಡುವಾಗ ಧಣಿ ಕೊಡಬೇಕಾದ ಹಣ) ಸೇರಿ ನನ್ನ ಎಲ್ಲಾ ಬಾಕಿ ನಗದಾಗಿ ಸಿಕ್ಕಿದೆ ಅಂತ.

ಗ್ರಾಚ್ಯುಟಿ ಅಂದರೆ ದೊಡ್ಡ ಕಂಪನಿಯವರಿಗೆ ಮಾತ್ರ ಅಂತ ನಾನು ತಿಳಿದಿದ್ದೆ. ಹತ್ತು ಜನ ಕೆಲಸಕ್ಕಿದ್ದ ಅಂಗಡಿಗೂ ಅದು ಉಂಟು ಮಾರಾಯ್ರೆ. ಐದು ವರ್ಷ ದಾಟಿದರೆ, ನೀವಾಗಿಯೇ ಬಿಟ್ಟರೂ ಸಿಗಬೇಕು. ಲೆಕ್ಕ ಸುಲಭ: ಕೊನೆಯ ತಿಂಗಳ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆಮೇಲೆ ವರ್ಷಗಳಿಂದ ಗುಣಿಸಿ. ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಅದೂ ಒಂದು ವರ್ಷ. ನನ್ನದು 16 ವರ್ಷ 8 ತಿಂಗಳು, ಅಂದರೆ 17. ಸಂಬಳ 16,000. ಬರಬೇಕಾದದ್ದು 1,56,923 ರೂಪಾಯಿ. (ಆಗ 1972ರ ಕಾಯ್ದೆ ಇತ್ತು. 2025ರ ನವೆಂಬರ್‌ನಿಂದ ಹೊಸ ಸಂಹಿತೆ ಬಂದಿದೆ. 26ಕ್ಕೆ 15ರ ಲೆಕ್ಕ ಬದಲಾಗಿಲ್ಲ.)

ಮಾರ್ಚ್ ಮೊದಲ ವಾರ ಗಡಿಯಾಚೆ, ಕರ್ನಾಟಕದ ವಿಟ್ಲದ ಒಂದು ಅಂಗಡಿಗೆ ಸೇರಿದೆ. ಪೆರ್ಲದಿಂದ ಅಡ್ಕಸ್ಥಳ ದಾಟಿದರೆ ಆಯಿತು, ದೂರ ಇಲ್ಲ. ಆದರೆ ಅದೇ ತಿಂಗಳು ಲಾಕ್‌ಡೌನ್. ಕರ್ನಾಟಕದವರು ಗಡಿಯ ರಸ್ತೆಗಳಿಗೆ ಮಣ್ಣು ತಂದು ಸುರಿದರು. ಆಚೆ ಕೆಲಸ, ಈಚೆ ನಾನು. ಆ ಒಂದೂವರೆ ಲಕ್ಷ ಕೈಯಲ್ಲಿದ್ದಿದ್ದರೆ ಹೆಂಡತಿಯ ಬಳೆ ಬ್ಯಾಂಕಿಗೆ ಹೋಗುತ್ತಿರಲಿಲ್ಲ.

ಆಮೇಲೆ ಲೇಬರ್ ಆಫೀಸಿಗೆ ಅರ್ಜಿ ಕೊಟ್ಟೆ. ಕನ್ನಡದಲ್ಲೇ ಬರೆದೆ; ನಮ್ಮ ತಾಲೂಕಿನವರಿಗೆ ಆ ಹಕ್ಕು ಉಂಟು. ಕಾಗದ ಬರೆಸಿಕೊಂಡು ಗ್ರಾಚ್ಯುಟಿ ತಪ್ಪಿಸಲು ಆಗುವುದಿಲ್ಲ ಅಂತ ಅಲ್ಲಿ ಹೇಳಿದರು. ಆದರೆ ಅಂಗಡಿಯವರ ವಾದ ಬೇರೆಯೇ: “ನಾವು ಕೊಟ್ಟಿದ್ದೇವೆ, ಸೈನ್ ನೋಡಿ.” ಎರಡು ವರ್ಷ ಎಳೆದು, ಕೊನೆಗೆ 90 ಸಾವಿರಕ್ಕೆ ರಾಜಿ. ಯಾಕೆ ಒಪ್ಪಿದೆ ಅಂತ ಕೇಳಬೇಡಿ. ಮಗಳ ಕಾಲೇಜು ಫೀಸು ಕಟ್ಟಬೇಕಿತ್ತು.

ಇನ್ನು ನಿಮ್ಮ ಪ್ರಶ್ನೆ. ಬಿಡಲೋ ಕಾಯಲೋ ಅಂತ ಕೇಳಿದ್ದೇ ಸರಿ ಇಲ್ಲ. ರಾತ್ರಿ ನಿದ್ದೆಗೆಟ್ಟು ಅಪರಿಚಿತರ ಹತ್ತಿರ ಕೇಳುತ್ತಿದ್ದೀರಿ ಅಂದರೆ ನಿಮ್ಮ ಮನಸ್ಸು ಯಾವಾಗಲೋ ಬಿಟ್ಟಾಗಿದೆ. ಮೇಲಿನವರೇ ಕೆಡಿಸಿದ್ದನ್ನು ಕೆಳಗಿನವರು ಕಾದು ಸರಿ ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ನಾಳೆಯೇ ಬಿಡಬೇಡಿ. ನೇಮಕಾತಿ ಪತ್ರ, ಸಂಬಳದ ಚೀಟಿ, ಪಿಎಫ್ ಪಾಸ್‌ಬುಕ್ ಎಲ್ಲಾ ಮೊದಲು ಮನೆಗೆ ಬರಲಿ. ರಾಜೀನಾಮೆ ಇಮೇಲ್‌ನಲ್ಲಿ ಕೊಡಿ, ತಾರೀಕು ಹಾಕಿ. ನೋಟಿಸ್ ಅವಧಿ ಹಲ್ಲು ಕಚ್ಚಿ ಮುಗಿಸಿ. ಎದುರಿಗೆ ಕಾಗದ ಇಟ್ಟರೆ “ನಾಳೆ ತರುತ್ತೇನೆ” ಅನ್ನಿ. ಅವರು ಇವತ್ತೇ ಆಗಬೇಕು ಅಂದರೆ ಎರಡು ದಿನ ಬಿಟ್ಟು ತನ್ನಿ.

ನೀವಿಲ್ಲದಿದ್ದರೆ ಟೀಮ್ ಏನಾಗುತ್ತದೆ ಅಂತಲೂ ಕೇಳಿದ್ದೀರಿ. ನನ್ನ ಜಾಗದಲ್ಲಿ ಮರುದಿನ ಬೆಳಿಗ್ಗೆ ಎಂಟಕ್ಕೇ ಬೇರೆ ಹುಡುಗ ಕೂತಿದ್ದನಂತೆ. ನಾನು ಬಿಟ್ಟು ಬಂದ ದಿಂಬಿನ ಮೇಲೆಯೇ.