ಸಜ್ಜಾದ ಗಾಡಿಯೋ, ಹೊರೆ ಹೊತ್ತ ಗಾಡಿಯೋ?

ಪ್ರಶ್ನೆ: ಮಾನ್ಯರೇ, ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಜೀಪು ಓಡಿಸಿಕೊಂಡು ಬೆಳೆದ ನಾನು ಈಗ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ನೆಲೆಸಿದ್ದೇನೆ. ಜುಲೈ ತಿಂಗಳ ಶಾಲಾ ರಜೆಯಲ್ಲಿ ಹೆಂಡತಿ ಮತ್ತು ಇಬ್ಬರು ಮಕ್ಕಳೊಂದಿಗೆ ದೇಶದ ವಾಯವ್ಯ ಮೂಲೆಯ ಕಿಂಬರ್ಲಿ ಸೀಮೆಯ ಗಿಬ್ ರಿವರ್ ಎಂಬ ಜಲ್ಲಿ ರಸ್ತೆಗೆ ಹೋಗಿ, ಹೋಟೆಲಿನ ಹಂಗಿಲ್ಲದೆ ಬಯಲಲ್ಲೇ ಬಿಡಾರ ಹೂಡುವ ಆಸೆಯಿದೆ. ನಿವೃತ್ತ ದಂಪತಿಯೊಬ್ಬರು ತಮ್ಮ 2012ರ ಟೊಯೋಟಾ ಪ್ರಾಡೊ ಡೀಸೆಲ್ ಗಾಡಿಯನ್ನು ಮಾರುತ್ತಿದ್ದಾರೆ. 2.3 ಲಕ್ಷ ಕಿ.ಮೀ. ಓಡಿದೆ. ಮುಂದೆ ಪ್ರಾಣಿ ಅಡ್ಡ ಬಂದರೆ ಪೆಟ್ಟು ತಡೆಯುವ ಉಕ್ಕಿನ ಬುಲ್ ಬಾರ್ ಮತ್ತು ಹೂತ ಗಾಡಿಯನ್ನು ಎಳೆಯುವ ವಿಂಚ್, ಮೇಲೆ ಮಡಚುವ ಟೆಂಟ್, ಹಿಂದೆ ಡ್ರಾಯರ್‌ಗಳು, ಫ್ರಿಜ್, ಎರಡನೆಯ ಬ್ಯಾಟರಿ ಎಲ್ಲವೂ ಇವೆ. ಇಂಥದೇ ಬರಿ ಗಾಡಿಗಿಂತ ಒಂಬತ್ತು ಸಾವಿರ ಡಾಲರ್ ಹೆಚ್ಚು ಕೇಳುತ್ತಿದ್ದಾರೆ. ಕೊಳ್ಳಬಹುದೇ?

ಉತ್ತರ: ಗಾಡಿ ಆ ದಾರಿಗೆ ತಕ್ಕದ್ದೇ. ಆದರೆ ಅದನ್ನು ಸಜ್ಜುಗೊಳಿಸಿದ್ದು ಇಬ್ಬರಿಗಾಗಿ, ನೀವು ನಾಲ್ವರು. ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ ಎಂಜಿನ್ನಿಗಿಂತ ಹೆಚ್ಚಾಗಿ ತೂಕದಲ್ಲಿದೆ.

ಈ ಮಾದರಿಯ ಪ್ರಾಡೊ ಜನ, ಸಾಮಾನು, ಇಂಧನ ಎಲ್ಲ ಸೇರಿ 2,990 ಕಿಲೋ ಮೀರುವಂತಿಲ್ಲ. ಟ್ಯಾಂಕ್ ತುಂಬಿದ ಬರಿ ಗಾಡಿಯೇ ಸುಮಾರು 2,300 ಕಿಲೋ ತೂಗುತ್ತದೆ, ಉಳಿಯುವುದು 690. ಈಗ ಲೆಕ್ಕ ಹಾಕಿ: ಬುಲ್ ಬಾರ್ ಮತ್ತು ವಿಂಚ್ ಸೇರಿ ನೂರು ಕಿಲೋ, ಚಾವಣಿಯ ಕಟಕಟೆ, ಟೆಂಟ್, ನೆರಳಿನ ಪರದೆ ಸೇರಿ ನೂರಹತ್ತು, ಡ್ರಾಯರ್ ಎಪ್ಪತ್ತು, ತುಂಬಿದ ಫ್ರಿಜ್ ಐವತ್ತು, ಬ್ಯಾಟರಿ ಮೂವತ್ತು. ಹೆಚ್ಚು ಕಡಿಮೆ 360 ಕಿಲೋ ಅಲ್ಲಿಗೇ ಮುಗಿಯಿತು. ನೀವು ನಾಲ್ವರು ಸೇರಿ 210 ಎಂದು ಹಿಡಿಯೋಣ. ಅರವತ್ತು ಲೀಟರ್ ನೀರೆಂದರೆ ಅರವತ್ತು ಕಿಲೋ. ಹಾಸಿಗೆ, ಬಟ್ಟೆ, ಅಕ್ಕಿ ಬೇಳೆ, ಕುಕ್ಕರ್, ಗ್ಯಾಸ್, ಉಪಕರಣ ಎಲ್ಲ ಸೇರಿ ಎಂಬತ್ತಕ್ಕೆ ಕಡಿಮೆಯಾಗದು. ಒಟ್ಟು 710, ಅಂದರೆ ಮಿತಿಗಿಂತ ಇಪ್ಪತ್ತು ಕಿಲೋ ಜಾಸ್ತಿ. ಕಾಫಿ ಕುಯ್ಲಿನ ದಿನಗಳಲ್ಲಿ ತೋಟದ ಜೀಪಿಗೆ ಹನ್ನೆರಡು ಆಳು ಹತ್ತಿಸಿ ಓಡಿಸಿದವರಿಗೆ ಇಪ್ಪತ್ತು ಕಿಲೋ ಒಂದು ಲೆಕ್ಕವೇ ಅನ್ನಿಸಬಹುದು. ಆದರೆ ಆಸ್ಟ್ರೇಲಿಯಾದಲ್ಲಿ ಹೆಚ್ಚುವರಿ ಭಾರಕ್ಕೆ ಪೊಲೀಸರು ದಂಡ ಹಾಕಬಹುದು, ಅಪಘಾತವಾದರೆ ವಿಮೆಯವರು ಅದನ್ನೇ ಮುಂದಿಟ್ಟುಕೊಂಡು ಪರಿಹಾರವನ್ನು ನಿರಾಕರಿಸಬಹುದು, ಮೇಲಾಗಿ ತೊಳೆಯುವ ಹಲಗೆಯಂತೆ ಏರಿಳಿವಿನ ಜಲ್ಲಿ ರಸ್ತೆಯಲ್ಲಿ ನೂರಾರು ಕಿಲೋಮೀಟರ್ ಕುಲುಕುತ್ತ ಹೋಗುವಾಗ ಹಿಂದಿನ ಸ್ಪ್ರಿಂಗ್ ಮತ್ತು ಶಾಕ್‌ಗಳ ಮೇಲೆ ಬೀಳುವ ಪೆಟ್ಟು ಸಣ್ಣದಲ್ಲ. ಕೊಳ್ಳುವ ಮುನ್ನ ಟ್ಯಾಂಕ್ ತುಂಬಿಸಿ, ಯಾರನ್ನೂ ಕೂರಿಸದೆ, ಇಡೀ ಗಾಡಿಯನ್ನು ತೂಗುವ ವೇಬ್ರಿಡ್ಜ್‌ನಲ್ಲಿ ತೂಗಿಸಿ ಚೀಟಿ ಪಡೆಯಿರಿ.

ಎಂಜಿನ್ನಿನ ವಿಷಯ. ಆ ವರ್ಷದ ಗಾಡಿಯಲ್ಲಿರುವುದು 3 ಲೀಟರ್ ಡೀಸೆಲ್ ಎಂಜಿನ್. ಅದರ ಕವಾಟಗಳನ್ನು ಹೊತ್ತಿಗೆ ಸರಿಯಾಗಿ ಆಡಿಸುವ ಟೈಮಿಂಗ್ ಬೆಲ್ಟನ್ನು ಪ್ರತಿ 1.5 ಲಕ್ಷ ಕಿ.ಮೀ.ಗೆ ಬದಲಿಸಬೇಕು, ಬಿಲ್ ತೋರಿಸಲು ಹೇಳಿ. ಡೀಸೆಲ್ ಸಿಂಪಡಿಸುವ ಇಂಜೆಕ್ಟರ್‌ಗಳ ಅಡಿಯ ಸೀಲ್ ಸೋರಿದರೆ ಮಸಿ ಎಣ್ಣೆಗೆ ಸೇರಿ, ಎಣ್ಣೆ ಹೀರುವ ಜಾಲರಿ ಕಟ್ಟಿಕೊಂಡು, ಎಂಜಿನ್ನೇ ಹಾಳಾಗುವ ಸಂಭವವುಂಟು. ಹಾಗಾಗಿ ನೀವು ಹೋಗುವ ಹೊತ್ತಿಗೆ ಎಂಜಿನ್ ತಣ್ಣಗಿರಬೇಕೆಂದು ಮೊದಲೇ ತಿಳಿಸಿ, ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ. ಟಣಟಣ ಎನ್ನುವ ಬಡಿತ ಕೇಳಿಸಿದರೆ ಮೆಕ್ಯಾನಿಕ್ ನೋಡುವ ತನಕ ಮಾತು ಮುಂದುವರಿಸಬೇಡಿ. ಗಾಡಿಯ ಅಡಿಗೆ ಟಾರ್ಚ್ ಹಿಡಿದು ಚಾಸಿಯ ಒಳಬದಿಯನ್ನೂ ನೋಡಿ. ಕೆಂಪು ಧೂಳಿದ್ದರೆ ಚಿಂತೆಯಿಲ್ಲ, ಆದರೆ ಪದರ ಪದರವಾಗಿ ಏಳುವ ತುಕ್ಕು ಕಂಡರೆ ಗಾಡಿ ಸಮುದ್ರದ ಮರಳಲ್ಲಿ ಓಡಾಡಿದೆ ಎಂದೇ ಶಂಕಿಸಿ. ಸಾಲ ಬಾಕಿಯಿದೆಯೇ, ಕದ್ದ ಮಾಲೇ ಎಂಬುದು ಸರ್ಕಾರದ ಪಿಪಿಎಸ್‌ಆರ್ ದಾಖಲೆಯಲ್ಲಿ 2 ಡಾಲರಿಗೆ ತಿಳಿಯುತ್ತದೆ.

ಇನ್ನು ಕರೆಂಟು. ಫ್ರಿಜ್ ಓಡಿಸುವ ಆ ಎರಡನೆಯ ಬ್ಯಾಟರಿ 100 ಆಂಪಿಯರ್ ಅವರ್‌ನ (ಬ್ಯಾಟರಿ ಎಷ್ಟು ಕರೆಂಟು ಹಿಡಿಯುತ್ತದೆ ಎಂಬುದರ ಅಳತೆ) ಹಳೆ ಬಗೆಯ ಎಜಿಎಂ, ಅಂದರೆ ಸೀಸದ ಬ್ಯಾಟರಿಯಾದರೆ ಅರ್ಧಕ್ಕಿಂತ ಹೆಚ್ಚು ಬಳಸಬಾರದು. ಕಿಂಬರ್ಲಿಯ ಜುಲೈ ಹೆಸರಿಗೆ ಮಾತ್ರ ಚಳಿಗಾಲ. ಹಗಲಲ್ಲಿ 30 ಡಿಗ್ರಿ ಇರುವಾಗ ಐವತ್ತು ಲೀಟರಿನ ಫ್ರಿಜ್ ದಿನಕ್ಕೆ 30ರಿಂದ 50 ಆಂಪಿಯರ್ ಅವರ್ ತಿನ್ನುತ್ತದೆ. ಸೋಲಾರ್ ಫಲಕವಿಲ್ಲದಿದ್ದರೆ ನಿಂತಲ್ಲಿ ಒಂದೇ ದಿನ ಕಳೆಯಬಹುದು. 160 ವಾಟಿನ ಫಲಕವಿದ್ದು ಬಿಸಿಲು ಚೆನ್ನಾಗಿದ್ದರೆ ಹೆಚ್ಚು ಕಡಿಮೆ ಖರ್ಚಿನಷ್ಟು ಮರಳಿ ಬರುತ್ತದೆ. ಬ್ಯಾಟರಿಯ ವಯಸ್ಸನ್ನು ಮಾತಿನಲ್ಲಿ ನಂಬಬೇಡಿ. ರಾತ್ರಿಯಿಡೀ ಗಾಡಿ ನಿಲ್ಲಿಸಿ ಫ್ರಿಜ್ ಹಾಕಿಡುವಂತೆ ಕೇಳಿಕೊಂಡು, ಬೆಳಿಗ್ಗೆ ಮೀಟರ್ ಹಚ್ಚಿ ನೋಡಿ. 12 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದರ ಕಾಲ ಮುಗಿದಿದೆ. ಗ್ಯಾಸ್ ಸಿಲಿಂಡರಿನ ಕೊರಳಲ್ಲಿ ಒತ್ತಿರುವ ತಪಾಸಣೆಯ ದಿನಾಂಕಕ್ಕೆ ಹತ್ತು ವರ್ಷ ಮೀರಿದ್ದರೆ ಅದನ್ನು ತುಂಬಿಸಿಕೊಡುವುದಿಲ್ಲ.

ಡೀಸೆಲ್ಲಿಗಾಗಿ ಚಾವಣಿಯ ಮೇಲೆ ಕ್ಯಾನ್ ಹೊರುವ ಅಗತ್ಯವಿಲ್ಲ. ಈ ಗಾಡಿಗೆ ಎರಡು ಟ್ಯಾಂಕ್ ಸೇರಿ 150 ಲೀಟರ್ ಹಿಡಿಯುತ್ತದೆ, ಗಿಬ್ ರಸ್ತೆಯ ಪೂರ್ತಿ ಉದ್ದ 660 ಕಿ.ಮೀ., ನಡುವೆ ಮೌಂಟ್ ಬಾರ್ನೆಟ್‌ನಲ್ಲಿ ಇಂಧನ ಸಿಗುತ್ತದೆ. ಜಲ್ಲಿ ಹಾದಿಯಲ್ಲಿ ಟಯರಿನ ಗಾಳಿ ಇಳಿಸಿ ನಿಧಾನವಾಗಿ ಹೋಗಿ. ಅಂದ ಹಾಗೆ, ಪರ್ತ್‌ನಿಂದ ಗಿಬ್ ರಸ್ತೆ ಶುರುವಾಗುವ ಡರ್ಬಿಗೇ ಸುಮಾರು 2,400 ಕಿ.ಮೀ. ಮುಸ್ಸಂಜೆಯ ನಂತರ ಕಾಂಗರೂ, ದನ ಅಡ್ಡ ಬರುವುದರಿಂದ ಹಗಲಲ್ಲಷ್ಟೇ ಓಡಿಸುವುದಾದರೆ, ಎರಡು ವಾರದ ರಜೆಯಲ್ಲಿ ಹೋಗಿಬರುವುದಕ್ಕೇ ಆರು ದಿನ ಹಿಡಿಯುತ್ತದೆ. ಭಾರ ಇಳಿಸಲೆಂದು ಬುಲ್ ಬಾರ್ ಕಳಚಬೇಡಿ ಎನ್ನುವುದೂ ಈ ಕಾರಣಕ್ಕೇ.

ಕಳಚಬೇಕಾದದ್ದು ಮೇಲಿನ ಟೆಂಟ್. ಅದರಲ್ಲಿ ಮಲಗುವುದು ಇಬ್ಬರು. ಮಕ್ಕಳಿಗೆ ಹೇಗೂ ನೆಲದ ಮೇಲೆ ಇನ್ನೊಂದು ಬೇಕು. ಅಲ್ಲದೆ ಹಾಲು ತರಲೆಂದು ಗಾಡಿ ತೆಗೆದರೂ ಮನೆಯನ್ನೇ ಮಡಚಬೇಕು. ನಾಲ್ವರಿಗೆ ಸಾಕಾಗುವ ನೆಲದ ಟೆಂಟ್ ಇಪ್ಪತ್ತೈದು ಕಿಲೋದೊಳಗೆ ಸಿಗುತ್ತದೆ, ಅಲ್ಲಿಗೆ ನಿಮ್ಮ ಲೆಕ್ಕ ಮಿತಿಯೊಳಗೆ ಬರುತ್ತದೆ. ಬಳಸಿದ ಸಾಮಾನಿಗೆ ಹೊಸದರ ಅರ್ಧ ಬೆಲೆಯೂ ಹೆಚ್ಚೇ ಎಂಬುದು ನನ್ನ ಅಭಿಪ್ರಾಯ. ಟೆಂಟನ್ನು ಅವರಿಗೇ ಬಿಟ್ಟು, ವೇಬ್ರಿಡ್ಜ್ ಚೀಟಿಯನ್ನು ಮುಂದಿಟ್ಟು, ಒಂಬತ್ತು ಸಾವಿರದ ಬದಲು ನಾಲ್ಕು ಸಾವಿರದಿಂದ ಮಾತು ಶುರುಮಾಡಿ.