ಕುಲಪತಿಗಳ ಬೀಳ್ಕೊಡುಗೆಯೂ ಬಾಕಿ ಕಡತಗಳೂ

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರಲ್ಲಿ ಅಧ್ಯಾಪಕ. ನಮ್ಮ ಕುಲಪತಿಗಳ ಅವಧಿ ಮುಗಿಯಲು ಮೂರು ತಿಂಗಳಷ್ಟೇ ಉಳಿದಿದೆ. ಅಭಿನಂದನ ಗ್ರಂಥಕ್ಕೆ ಲೇಖನ ಕೊಡಿ ಎಂಬ ಸುತ್ತೋಲೆ ಬಂದಿದೆ. ಮುಂದೆ ಬರುವವರು ಯಾರೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಈ ನಡುವೆ ನೇಮಕಾತಿ ಮತ್ತು ಕಟ್ಟಡದ ಕಡತಗಳು ಹಿಂದೆಂದೂ ಕಾಣದ ವೇಗದಲ್ಲಿ ಓಡಾಡುತ್ತಿವೆ. ಹೊರಡುವವರು ಇಂಥ ತೀರ್ಮಾನಗಳನ್ನು ಕೈಗೊಳ್ಳಬಹುದೇ?

ಉತ್ತರ: ಅವಧಿಯ ಕೊನೆಯ ದಿನದವರೆಗೂ ಕುಲಪತಿಗಳು ಕುಲಪತಿಗಳೇ. ಪರೀಕ್ಷೆ, ಫಲಿತಾಂಶ, ಸಂಬಳ, ಘಟಿಕೋತ್ಸವ ಯಾವುದೂ ಹೊಸಬರಿಗಾಗಿ ಕಾಯುತ್ತ ಕೂರಲಾಗದು. ಆದರೆ ಕಾಯಂ ನೇಮಕಾತಿ, ದೊಡ್ಡ ಗುತ್ತಿಗೆ, ಹೊಸ ವಿಭಾಗದ ಸ್ಥಾಪನೆ ಇವುಗಳ ಹೊಣೆ ಹೊರಬೇಕಾದವರು ಮುಂದೆ ಬರುವವರಾದ್ದರಿಂದ, ನಿಯಮ ಅಡ್ಡಿ ಮಾಡದಿದ್ದರೂ ಅವುಗಳನ್ನು ಅವರಿಗೇ ಬಿಡುವುದು ಲೇಸು. ಎರಡು ವರ್ಷ ಮಲಗಿದ್ದ ಕಡತ ಕೊನೆಯ ಎರಡು ತಿಂಗಳಲ್ಲಿ ಎದ್ದು ಓಡಿದರೆ ಏಕೆಂದು ಕೇಳುವ ಹಕ್ಕು ಆಡಳಿತ ಮಂಡಳಿಗೆ ಇದ್ದೇ ಇದೆ.

ಇದಕ್ಕೆ ತದ್ವಿರುದ್ಧವಾದ ತಪ್ಪೂ ಒಂದುಂಟು. ಅದು ಅಷ್ಟಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ವಿಚಾರಣೆ ಮುಗಿದು, ವರದಿ ಕೈಸೇರಿ, ಆದೇಶಕ್ಕೆ ಸಹಿಯೊಂದೇ ಬಾಕಿ ಇರುವ ಶಿಸ್ತುಕ್ರಮದ ಪ್ರಕರಣವನ್ನು ‘ಹೊಸಬರು ನೋಡಿಕೊಳ್ಳಲಿ’ ಎಂದು ಬಿಟ್ಟುಹೋಗುವುದು ಸಜ್ಜನಿಕೆಯಂತೆ ಕಂಡರೂ ನನ್ನ ದೃಷ್ಟಿಯಲ್ಲಿ ಅದು ಅಳುಕೇ ಹೊರತು ಬೇರೇನಲ್ಲ.

ಅಭಿನಂದನ ಗ್ರಂಥದ ಸಮಿತಿಯವರಿಗೆ ಸಾಧ್ಯವಾದರೆ ಒಂದು ಮಾತು ಹೇಳಿ: ಗ್ರಂಥಕ್ಕಿಂತ ಮೊದಲು ಹಸ್ತಾಂತರದ ಟಿಪ್ಪಣಿ ಸಿದ್ಧವಾಗಲಿ. ನ್ಯಾಯಾಲಯದಲ್ಲಿರುವ ಪ್ರಕರಣಗಳು ಮತ್ತು ಅವುಗಳ ಮುಂದಿನ ದಿನಾಂಕ, ಲೆಕ್ಕಪರಿಶೋಧನೆಯ ಆಕ್ಷೇಪಗಳು, ಗಡುವು ಸಮೀಪಿಸಿರುವ ಅನುದಾನಗಳು ಅದರಲ್ಲಿರಬೇಕೆಂಬುದು ಎಲ್ಲರಿಗೂ ತಿಳಿದಿದೆ. ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ನಾನು ಆಡಳಿತ ಕಚೇರಿಯಲ್ಲಿದ್ದಾಗ, ಹೊಸ ಕುಲಪತಿಗಳು ಬಂದ ಮೂರನೆಯ ದಿನವೇ ವಿದ್ಯಾರ್ಥಿಗಳ ಗುಂಪೊಂದು ಬಾಗಿಲಲ್ಲಿ ನಿಂತು, ‘ಗ್ರಂಥಾಲಯವನ್ನು ನಡುರಾತ್ರಿಯವರೆಗೆ ತೆರೆದಿಡಲು ಹಿಂದಿನ ಸರ್ ಒಪ್ಪಿದ್ದರು’ ಎಂದಿತು. ಹುಡುಕಿದರೆ ಒಂದು ಚೀಟಿಯೂ ಇಲ್ಲ. ಹುಡುಗರು ಹೇಳಿದ್ದು ನಿಜವೇ ಆಗಿತ್ತು ಎಂಬುದು ತಿಳಿದದ್ದು ಆರು ವಾರಗಳ ನಂತರ, ಹಿಂದಿನವರಿಗೆ ಫೋನ್ ಮಾಡಿದಾಗ. ಅಷ್ಟರಲ್ಲಿ ಪರೀಕ್ಷೆಗಳೇ ಮುಗಿದಿದ್ದವು.

ಪ್ರಶ್ನೆ: ಹಂಗಾಮಿ ಕುಲಪತಿ ಎಂದರೆ ಕೇವಲ ಕಾವಲುಗಾರರೇ?

ಉತ್ತರ: ಅಲ್ಲ. ಕೇಂಬ್ರಿಜ್‌ನಲ್ಲಿ ಕುಲಪತಿ ಸ್ಟೀಫನ್ ಟೂಪ್ 2022ರಲ್ಲಿ ನಿರ್ಗಮಿಸಿದ ಮೇಲೆ, 2023ರ ಜುಲೈನಲ್ಲಿ ಡೆಬೊರಾ ಪ್ರೆಂಟಿಸ್ ಅಧಿಕಾರ ವಹಿಸಿಕೊಳ್ಳುವವರೆಗೆ ಆಂಥನಿ ಫ್ರೀಲಿಂಗ್ ಹಂಗಾಮಿಯಾಗಿದ್ದರು. ಅಂದರೆ ಹೆಚ್ಚುಕಡಿಮೆ ಒಂದಿಡೀ ಶೈಕ್ಷಣಿಕ ವರ್ಷ. ಅಷ್ಟು ದಿನ ಬರೀ ಬಾಗಿಲು ಕಾದರೆ ಸಂಸ್ಥೆ ನಡೆಯದು. ವಿಶ್ವವಿದ್ಯಾಲಯದ ಮುಖ್ಯಸ್ಥರನ್ನು ಅಧ್ಯಕ್ಷರೆಂದು ಕರೆಯುವ ಅಮೆರಿಕದ ಹಾರ್ವರ್ಡ್‌ನಲ್ಲಿ 2024ರ ಜನವರಿಯಲ್ಲಿ ಅಧ್ಯಕ್ಷೆ ಕ್ಲಾಡಿನ್ ಗೇ ರಾಜೀನಾಮೆ ಕೊಟ್ಟಾಗ ಹಂಗಾಮಿಯಾಗಿ ಬಂದ ಆಲನ್ ಗಾರ್ಬರ್ ಅದೇ ವರ್ಷ ಪೂರ್ಣಪ್ರಮಾಣದ ಅಧ್ಯಕ್ಷರೂ ಆದರು. ತೊಡಕು ಬರುವುದು ಹಂಗಾಮಿಯಾಗಿರುವವರು ಆ ಕುರ್ಚಿಗೆ ತಾವೂ ಅಭ್ಯರ್ಥಿಯಾಗಿದ್ದಾಗ: ಅವರ ಪ್ರತಿಯೊಂದು ಸಹಿಯನ್ನೂ ಜನ ಪ್ರಚಾರವೆಂದೇ ಓದುತ್ತಾರೆ. ಆ ಇರಾದೆ ಇದ್ದರೆ ಆರಂಭದಲ್ಲೇ ಬಾಯಿಬಿಟ್ಟು ಹೇಳುವುದು ಒಳ್ಳೆಯದು.

ಪ್ರಶ್ನೆ: ನಾನು ನಿವೃತ್ತ ಕುಲಪತಿ. ನಾನು ತಂದ ಪಠ್ಯಕ್ರಮವನ್ನು ನನ್ನ ನಂತರ ಬಂದವರು ಒಂದೊಂದಾಗಿ ಕಳಚುತ್ತಿದ್ದಾರೆ. ಪತ್ರಿಕೆಗೆ ಬರೆಯಬೇಕೆನಿಸುತ್ತದೆ. ಸುಮ್ಮನಿರಲೇ?

ಉತ್ತರ: ನಿಮ್ಮ ಸಂಕಟ ಅರ್ಥವಾಗುತ್ತದೆ. ಚಾರ್ಲ್ಸ್ ಎಲಿಯಟ್ 1869ರಿಂದ 1909ರವರೆಗೆ, ಅಂದರೆ 40 ವರ್ಷ ಹಾರ್ವರ್ಡ್‌ನ ಅಧ್ಯಕ್ಷರಾಗಿದ್ದು, ವಿದ್ಯಾರ್ಥಿಗಳು ತಮಗೆ ಬೇಕಾದ ವಿಷಯಗಳನ್ನು ತಾವೇ ಆರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಅವರ ಸ್ಥಾನಕ್ಕೆ ಬಂದ ಲಾರೆನ್ಸ್ ಲೋವೆಲ್ ಆ ಸ್ವಾತಂತ್ರ್ಯಕ್ಕೆ ಕಡಿವಾಣ ಹಾಕಿ, ಒಂದು ವಿಷಯದಲ್ಲಿ ಆಳವಾದ ಓದನ್ನೂ ಉಳಿದವುಗಳಲ್ಲಿ ಹರಹನ್ನೂ ಕಡ್ಡಾಯಗೊಳಿಸಿದರು. ಎಲಿಯಟ್ ತೀರಿಕೊಂಡದ್ದು 1926ರಲ್ಲಿ. ತಮ್ಮ ನೆಚ್ಚಿನ ವ್ಯವಸ್ಥೆ ರೂಪ ಬದಲಿಸಿದ್ದನ್ನು ಅವರು ಕಣ್ಣಾರೆ ಕಂಡರು. ಆದರೂ ಅವರು ಕಟ್ಟಿದ ಸ್ನಾತಕೋತ್ತರ ಅಧ್ಯಯನವಾಗಲಿ, ಬಲಪಡಿಸಿದ ವೃತ್ತಿಶಾಲೆಗಳಾಗಲಿ ಮಾಯವಾಗಲಿಲ್ಲ.

ಸಂಸ್ಥೆಯ ಹಣ ದುರುಪಯೋಗವಾಗುತ್ತಿದ್ದರೆ, ಯಾರಿಗಾದರೂ ಅನ್ಯಾಯವಾಗುತ್ತಿದ್ದರೆ ಖಂಡಿತ ಮಾತನಾಡಿ. ಪಠ್ಯಕ್ರಮದ ವಿಷಯ ಬೇರೆ. ನೀವು ಪತ್ರಿಕೆಗೆ ಬರೆದ ಮರುದಿನವೇ ಅಧ್ಯಾಪಕರು ನಿಮ್ಮವರು, ಅವರವರು ಎಂದು ಎರಡು ಬಣಗಳಾಗುತ್ತಾರೆ, ಮತ್ತು ಪಠ್ಯಕ್ರಮವನ್ನು ಅದರ ಗುಣದೋಷಗಳ ಮೇಲೆ ನೋಡುವವರು ಯಾರೂ ಉಳಿಯುವುದಿಲ್ಲ. ಹಾಗಾಗಿ, ನೀವು ಆ ಬದಲಾವಣೆ ತಂದಾಗ ನಿಮ್ಮ ಮುಂದಿದ್ದ ಕಾರಣಗಳನ್ನು, ಅಂಕಿಅಂಶ ಸಮೇತ, ಒಂದೆರಡು ಪುಟಗಳಲ್ಲಿ ಬರೆದು ಹೊಸ ಕುಲಪತಿಗಳಿಗೆ ಖಾಸಗಿಯಾಗಿ ಕಳುಹಿಸಿ. ಅವರು ಉತ್ತರಿಸದಿದ್ದರೆ ಎರಡನೆಯ ಪತ್ರ ಬೇಡ.